ಮೇಡಂ, ನಿಮ್ಮ ಹುಲ್ಲಿನಲ್ಲಿ ಬೇವು ನೆಟ್ಟಿದ್ದಾರೆ

ಗಿರಿಜಾ ಮೇಡಂಗೆ, ನಿಮ್ಮ ಶಿಷ್ಯೆ ಶಮೀಮಳ ಸಲಾಮು. ಕ್ಷೇಮ ಸಮಾಚಾರ ಎಲ್ಲ ಆಮೇಲೆ. ಮೊದಲು ನನ್ನ ಸಿಟ್ಟು ಕೇಳಿಸಿಕೊಳ್ಳಿ.

ಹೋದ ಜೂನ್‌ನಲ್ಲಿ ನಾನು ಧಾರವಾಡದಲ್ಲಿ ಪರೀಕ್ಷೆಯ ಪೇಪರ್ ತಿದ್ದುತ್ತಾ ಕೂತಿದ್ದೆ. ಮೌಲ್ಯಮಾಪನ ಅಂದರೆ ನಿಮಗೆ ಗೊತ್ತೇ ಇದೆ, ತಲೆ ಎತ್ತುವ ಹಾಗಿಲ್ಲ, ಫೋನ್ ಮುಟ್ಟುವ ಹಾಗಿಲ್ಲ. ಊಟದ ಬಿಡುವಿನಲ್ಲಿ ನೋಡಿದರೆ ನಮ್ಮ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಫೋಟೋಗಳ ಸುರಿಮಳೆ. ನಿಮ್ಮ ವರ್ಷದ ಪುಣ್ಯಸ್ಮರಣೆ. ನಿಮ್ಮ ಫೋಟೋಗೆ ಹಾರ, ನಿಮ್ಮೂರಿನವರೆಲ್ಲ ಸಾಲಾಗಿ ನಿಂತಿದ್ದಾರೆ, ಕೈಯಲ್ಲಿ ಗುದ್ದಲಿ, ಹಿಂದೆ ‘ಹಸಿರೇ ಉಸಿರು’ ಎಂಬ ಬ್ಯಾನರ್. ಎಷ್ಟು ಚೆಂದ ಮಾಡಿದ್ದಾರೆ ಅಂದುಕೊಂಡೆ. ಆಮೇಲೆ ಫೋಟೋ ದೊಡ್ಡದು ಮಾಡಿ ನೋಡಿದೆ. ಅವರ ಹಿಂದೆ ಕಾಣುತ್ತಿದ್ದ ತಂತಿಬೇಲಿ ನಮ್ಮದು. ಯಾ ಅಲ್ಲಾ! ಬೇಲಿಯ ಒಳಗೆ, ನಿಮ್ಮ ಹುಲ್ಲಿನ ನಡುವೆ, ಸಾಲು ಸಾಲು ಬೇವಿನ ಸಸಿ.

ಊಟದ ಡಬ್ಬಿ ಮುಚ್ಚಿಟ್ಟೆ ಮೇಡಂ. ಹುಲ್ಲಿಗಾಗಿ ಜೀವ ತೇಯ್ದ ಹೆಂಗಸಿನ ನೆನಪಿಗೆ ಹುಲ್ಲನ್ನು ಅಗೆದು ಮರ ನೆಟ್ಟಿದ್ದಾರೆ. ಇದಕ್ಕೆ ನಗಬೇಕೋ ಅಳಬೇಕೋ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಬೈಯುತ್ತಿದ್ದಿರಿ. ಅಷ್ಟಂತೂ ಗೊತ್ತು.

ನೀವು ನನ್ನನ್ನು ಮೊದಲ ಸಲ ಆ ಮರಡಿಗೆ ಕರೆದುಕೊಂಡು ಹೋದ ದಿನ ನೆನಪಿದೆಯೇ? ಕುರುಗೋಡಿನಲ್ಲಿ ಬಸ್ಸಿಳಿದು, ಇನ್ನೊಂದು ಬಸ್ಸು ಹಿಡಿದು, ಬಾದನಹಟ್ಟಿ ದಾಟಿ, ನಿಮ್ಮೂರಿನ ಕ್ರಾಸಿನಿಂದ ನಡೆದು ಬಂದಿದ್ದೆವು. ಸುತ್ತ ಎಲ್ಲಿ ನೋಡಿದರೂ ಹತ್ತಿ, ಮೆಣಸಿನಕಾಯಿ. ನಡುವೆ ಆ ಕಲ್ಲುನೆಲದ ಗುಡ್ಡೆ, ಅದರ ತುಂಬ ಬರೀ ಹುಲ್ಲು. ನಾನು ಸಿರುಗುಪ್ಪದವಳು, ಭತ್ತದ ಗದ್ದೆ ನೋಡಿ ಬೆಳೆದವಳು. ಇಲ್ಲಿ ನೋಡುವುದಕ್ಕೆ ಏನಿದೆ ಅಂದುಕೊಂಡು ಒಂದು ಕರಡದ ಹುಲ್ಲಿನ ಕಡ್ಡಿ ಕಿತ್ತು ಹಲ್ಲಿನಲ್ಲಿ ಕಚ್ಚಿದೆ. ಪಟ್ ಅಂತ ಕೈಮೇಲೆ ಹೊಡೆದಿರಿ.

“ಲೇ ಶಮೀಮ್, ಅದನ್ನ ಹೋದ ವರ್ಷ ಎಣಿಸೀನಿ, ಈ ವರ್ಷ ಎಣಿಸ್ಬೇಕು. ನೀ ತಿಂದ್ರ ನಾ ಏನ್ ಎಣಿಸ್ಲಿ?”

ಅಂದಿನಿಂದ ನಾನು ನಿಮ್ಮ ಹುಚ್ಚಿನ ಪಾಲುದಾರಳು. ಗುಡ್ಡೆಯ ಒಂದು ಭಾಗಕ್ಕೆ ಬೇಲಿ, ಕುರಿ ದನ ಬರದ ಹಾಗೆ. ಇನ್ನೊಂದು ಭಾಗ ಬಯಲು, ಊರ ಕುರಿಗಳು ಮೇಯಲಿ ಅಂತ. ಪ್ರತಿ ವರ್ಷ ಮಳೆ ಮುಗಿದ ಮೇಲೆ ಎರಡೂ ಕಡೆ ಅದೇ ಜಾಗದಲ್ಲಿ ಅದೇ ಮರದ ಚೌಕಟ್ಟು ಇಟ್ಟು, ಅದರೊಳಗೆ ಏನೇನು ಹುಟ್ಟಿದೆ, ಏನು ಕಾಣೆಯಾಗಿದೆ ಅಂತ ಎಣಿಸುವುದು. ಮಳೆ ತಡವಾದ ವರ್ಷ, ಮಳೆ ಒಂದೇ ಸಲ ಹುಯ್ದು ಹೋದ ವರ್ಷ, ಬಿಸಿಲು ನೆತ್ತಿ ಸುಟ್ಟ ವರ್ಷ, ಎಲ್ಲ ವರ್ಷವೂ. ನಾನು ಮದುವೆಯಾಗಿ, ಎರಡು ಹೆತ್ತು, ನಿಮ್ಮದೇ ಸಸ್ಯಶಾಸ್ತ್ರದಲ್ಲಿ ಲೆಕ್ಚರರ್ ಆದೆ. ನೀವು ರಿಟೈರ್ ಆದಿರಿ. ಎಣಿಕೆ ಮಾತ್ರ ನಿಲ್ಲಲಿಲ್ಲ. ಒಂದು ವರ್ಷದ ಎಣಿಕೆಯಿಂದ ಏನೂ ತಿಳಿಯುವುದಿಲ್ಲ, ಸುಮ್ಮನೆ ಮಾಡ್ತಾ ಇರು ಅನ್ನುತ್ತಿದ್ದಿರಿ. ಮಾಡಿದೆ.

ಆ ಫೋಟೋ ನೋಡಿದ ವಾರವೇ ಧಾರವಾಡದಿಂದ ಬಂದವಳು ಬಳ್ಳಾರಿಯಲ್ಲಿ ಮನೆಗೂ ಹೋಗದೆ ನೇರ ಮರಡಿಗೆ ಹೋದೆ. ಹತ್ತಿರ ಹೋಗಿ ನೋಡಿದ ಮೇಲೆ ಗೊತ್ತಾಯಿತು, ಫೋಟೋದಲ್ಲಿ ಕಂಡದ್ದು ಏನೂ ಅಲ್ಲ. ಚೌಕಟ್ಟು ಇಟ್ಟು ಎಣಿಸುವ ನಮ್ಮ ಚೌಕಗಳ ಮೂಲೆಗೆ ನೀವು ಸುಣ್ಣ ಬಳಿದ ಕಲ್ಲು ನೆಟ್ಟಿದ್ದಿರಲ್ಲ? ಸರಿಯಾಗಿ ಆ ಕಲ್ಲುಗಳ ನಡುವೆಯೇ ಗುಂಡಿ ತೋಡಿದ್ದಾರೆ! ಅಷ್ಟು ದೊಡ್ಡ ಬೇಲಿಯೊಳಗೆ ಬೇರೆಲ್ಲೂ ಅಲ್ಲ, ಚೌಕ ಹುಡುಕಿ ಹುಡುಕಿ. ಅಲ್ಲೇ ಕುರಿ ಕಾಯುತ್ತಿದ್ದ ದುರುಗಪ್ಪನನ್ನು ಕೇಳಿದೆ, ಹೀಗ್ಯಾಕೆ ಮಾಡಿದಿರಿ ಅಂತ. ಅವನು ಹೆಮ್ಮೆಯಿಂದ ಹೇಳಿದ:

“ಮೇಡಂನೋರ ಗುರ್ತು ಮಾಡಿಟ್ಟು ಹೋಗ್ಯಾರಲ್ರಿ. ಎಲ್ಲೆಲ್ಲಿ ತೆಗ್ಗು ತೋಡ್ಬೇಕು ಅಂತ ಕಲ್ಲ್ ಇಟ್ಟಾರ. ನಾವು ಬರೇ ತೋಡಿದ್ವಿ.”

ಸಿಟ್ಟು ಮಾಡಿಕೊಳ್ಳುವುದಕ್ಕೆ ಅವನ ಮುಖದಲ್ಲಿ ಒಂದು ತಪ್ಪೂ ಸಿಗಲಿಲ್ಲ. ನನ್ನ ಮಕ್ಕಳ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನನಗೆ ನೆನಪಿರುವ ಚೌಕಗಳವು. ಬೇವು ಕೆಟ್ಟದ್ದು ಅಂತ ನಾನೆಲ್ಲಿ ಹೇಳಿದೆ? ನಮ್ಮ ಮನೆ ಮುಂದೆಯೂ ಇದೆ, ಅಮ್ಮಿ ಬೇಸಿಗೆಯೆಲ್ಲ ಅದರ ಕೆಳಗೇ ಕೂರುತ್ತಾಳೆ. ಆದರೆ ಅದು ದೊಡ್ಡದಾದರೆ ಅದರ ಕೆಳಗೆ ಬಿಸಿಲು ಬೇಕಾದ ಕರಡ ಉಳಿಯುವುದಿಲ್ಲ. ಬೇರು ಇಳಿದರೆ ಆ ನೆಲವೇ ಬೇರೆ. ಇಷ್ಟು ವರ್ಷ ಈ ಕಡೆ ಹೀಗೆ, ಆ ಕಡೆ ಹಾಗೆ ಅಂತ ಹೋಲಿಸಿದ್ದೆಲ್ಲ ಅಲ್ಲಿಗೆ ಮುಗಿದಂತೆ. ಮತ್ತೆ ಮೊದಲಿನಿಂದ ಶುರು ಮಾಡೋಣ ಅಂದರೆ ನನಗೂ ಒಂದು ಆಯುಷ್ಯ ಅಂತ ಇದೆಯಲ್ಲ?

ಬಳ್ಳಾರಿಯ ಗಾಂಧಿನಗರದ ಹಾಲ್‌ನಲ್ಲಿ ನಿಮ್ಮ ಶ್ರದ್ಧಾಂಜಲಿ ಸಭೆ ನಡೆದಾಗಲೇ ನನಗೆ ಅನುಮಾನ ಬರಬೇಕಿತ್ತು. ಒಬ್ಬೊಬ್ಬರೂ ಮೈಕ್ ಹಿಡಿದು ನಿಮ್ಮನ್ನು ವೃಕ್ಷಮಾತೆ ಮಾಡಿಬಿಟ್ಟರು. ನಿಮ್ಮ ಜೊತೆ ಒಂದು ದಿನವೂ ಬಿಸಿಲಿಗೆ ಬರದವರು ನಿಮ್ಮ ಹಸಿರು ಪ್ರೀತಿಯ ಬಗ್ಗೆ ಕಣ್ಣೀರು ಹಾಕಿದರು. ಸಿರುಗುಪ್ಪದ ಕಡೆ ಅಪರೂಪದ ಎರೆಭೂತ ಹಕ್ಕಿ ಕಂಡಿತು ಅಂದಾಗಲೂ ಇದೇ ಕತೆ ತಾನೆ? ಮಾರುದ್ದದ ಕ್ಯಾಮೆರಾ ಹೊತ್ತು ಬಂದವರೆಲ್ಲ ‘ಹಕ್ಕಿ ಎಲ್ಲಿ, ಹಕ್ಕಿ ಎಲ್ಲಿ’ ಅಂದರೇ ಹೊರತು, ಆ ಹಕ್ಕಿ ಮರದ ಮೇಲೆ ಕೂರುವುದಿಲ್ಲ, ಅದಕ್ಕೆ ಹುಲ್ಲೇ ಮನೆ ಅಂತ ನೀವು ಹೇಳಿದ್ದು ಯಾರ ಕಿವಿಗೆ ಬಿತ್ತು? ಸರ್ಕಾರದ ಕಾಗದದಲ್ಲಿ ನಮ್ಮ ಮರಡಿ ಖರಾಬು ಜಮೀನು. ಜನರ ಬಾಯಲ್ಲಿ ಬೀಳು. ಮರ ಇದ್ದರೆ ಕಾಡು, ಇಲ್ಲದಿದ್ದರೆ ಹಾಳು. ಹೊರಗಿನಿಂದ ತಂದು ಹಚ್ಚಿದ ಜಾಲಿ ಎಲ್ಲ ಹುಲ್ಲನ್ನೂ ನುಂಗಿ ಹರಡುತ್ತಿದೆ, ಅದಕ್ಕೆ ಮಾತ್ರ ‘ಬಳ್ಳಾರಿ ಜಾಲಿ’ ಅಂತ ನಮ್ಮೂರ ಹೆಸರು! ನೀವು ಇದನ್ನು ನೆನೆದಾಗಲೆಲ್ಲ ಹಲ್ಲು ಕಡಿಯುತ್ತಿದ್ದಿರಿ. ಈಗ ಆ ಕೆಲಸವೂ ನನ್ನ ಪಾಲಿಗೆ ಬಂದಿದೆ.

ಇಷ್ಟೆಲ್ಲ ಊರವರ ಮೇಲಿನ ಸಿಟ್ಟು. ಈಗ ನಿಮ್ಮ ಮೇಲಿನದಕ್ಕೆ ಬರುತ್ತೇನೆ.

ಒಮ್ಮೆ ಎಣಿಕೆ ಮುಗಿಸಿ ವಾಪಸು ಬರುವಾಗ ಬಸ್ಸಿನಲ್ಲಿ ಒಗ್ಗಾಣಿ ಮಿರ್ಚಿ ತಿನ್ನುತ್ತಾ ನೀವೇ ಹೇಳಿದ್ದಿರಿ. ಆ ಬೇಲಿ ಹಾಕಲು ಊರು ಹೇಗೆ ಒಪ್ಪಿತು ಅಂತ ನಾನು ಕೇಳಿದ್ದೆ. ಕುರಿ ಮೇಯುವ ಜಾಗಕ್ಕೆ ಬೇಲಿ ಅಂದರೆ ಯಾರು ಬಿಡುತ್ತಾರೆ? ನೀವು ಕಿಸಕ್ಕನೆ ನಕ್ಕಿರಿ.

“ಹುಲ್ಲು ಎಣಿಸಾಕ ಬೇಲಿ ಅಂದಿದ್ರ ಹುಚ್ಚಿ ಅಂತಿದ್ರು. ಗಿಡ ಹಚ್ಚಿ ಊರಿಗೆ ನೆಳ್ಳು ಮಾಡ್ತೀನಿ ಅಂತ ನಮ್ಮಣ್ಣ ಪಂಪಣ್ಣಗ ಹೇಳಿದೆ. ಅಂವ ಹೋಗಿ ಹಿರ್ಯಾರ ಮುಂದ ಮಾತಾಡಿ ಒಪ್ಪಿಸ್ಕೊಂಡು ಬಂದ.”

“ಅಣ್ಣಾರಿಗೂ ಸುಳ್ಳು ಹೇಳಿದ್ರಾ ಮೇಡಂ?”

“ಹೂಂ. ಏನಾತೀಗ?”

“ನಾಳೆ ಕೇಳಿದ್ರ?”

“ಮುಂದ ನೋಡಿದ್ರಾತು ಬಿಡಲೇ. ಮಿರ್ಚಿ ತಿನ್ನು, ಆರತೈತಿ.”

ಮುಂದೆ ನೋಡಿದರಾಯಿತು! ನೀವು ಹೋದಿರಿ, ಮುಂದಿನದ್ದನ್ನೆಲ್ಲ ನಾನು ನೋಡುತ್ತಿದ್ದೇನೆ. ಮಾಡಿದವರು ನೀವು, ಉಣ್ಣುತ್ತಿರುವವಳು ನಾನು. ನಿಮಗೆ ನಿಮ್ಮಣ್ಣನ ಮುಂದೆ ಕೂತು ಒಂದೇ ಒಂದು ಸಲ ನಿಜ ಹೇಳಲು ಅಷ್ಟು ವರ್ಷದಲ್ಲಿ ಅರ್ಧ ಗಂಟೆ ಸಿಗಲಿಲ್ಲವೇ? ಪ್ರತಿ ಸಲ ಎಣಿಕೆಗೆ ಹೋದಾಗ ಅವರ ಮನೆಯ ರೊಟ್ಟಿಯನ್ನೇ ತಾನೆ ನಾವು ತಿಂದದ್ದು? ರೊಟ್ಟಿ, ಪುಂಡಿಪಲ್ಯ, ಮೇಲೆ ಮಜ್ಜಿಗೆ. ತಿಂದು ಬಾಯಿ ಒರೆಸಿಕೊಂಡು ಬಂದೆವು.

ಅವತ್ತು ಮರಡಿಯಿಂದ ನೇರ ಹೋಗಿ ಪಂಪಣ್ಣನವರ ಮನೆ ಕಟ್ಟೆಯ ಮೇಲೆ ಕೂತಾಗ ನಾನು ಇನ್ನೂ ಬುಸುಗುಡುತ್ತಿದ್ದೆ. ಸಸಿಗಳನ್ನು ತೆಗೆಸಿ ಅಂತ ಹೇಳಿಬಿಡಬೇಕು, ಅಷ್ಟೇ, ಅಂತ ತೀರ್ಮಾನ ಮಾಡಿಕೊಂಡು ಹೋಗಿದ್ದೆ. ಅವರು ನನಗೆ ಬಾಯಿ ತೆರೆಯಲೇ ಬಿಡಲಿಲ್ಲ. ನನ್ನನ್ನು ಕಂಡು ಅವರ ಮುಖ ಅರಳಿತು.

“ನೋಡಿದ್ಯಾ ಯವ್ವಾ? ಕಡೀಗೂ ಆಕಿ ಮಾತು ನಡಿಸಿದೆ. ಪಾಪ, ಅಷ್ಟ್ ವರ್ಷ ಬೇಲಿ ಕಟ್ಟಿ ಕಾದ್ಲು, ಒಂದ್ ಗಿಡಾನೂ ಏಳ್ಲಿಲ್ಲ. ಊರ ಮಂದಿ ನನ್ನ ಬಿಟ್ಟಾರೇನು? ‘ಎಲ್ಲೈತೋ ಪಂಪಣ್ಣ ನಿನ್ನ ತಂಗಿ ನೆಳ್ಳು’ ಅಂತ ಮದುವಿ ಮನ್ಯಾಗ ಕೇಳಿದ್ರು, ಸಾವಿನ ಮನ್ಯಾಗ ಕೇಳಿದ್ರು. ಆಕಿ ಮಣ್ಣಿಗೆ ಹೋದಾಗ್ಲೂ ಒಬ್ಬ ಅಂದ. ಕೊಟ್ಟ ಮಾತು ಬಾಕಿ ಇಟ್ಕೊಂಡು ಹೋಗ್ಬಾರ್ದವ್ವಾ. ಅದಕ ನಾನ ಮುಂದ ನಿಂತು ಹಚ್ಚಿಸಿದೆ. ಈಗ ಆಕಿಗೂ ಹಗುರ, ನನಗೂ ಹಗುರ.”

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಹೋಯಿತು ಅಂದರೆ ತಪ್ಪಾದೀತು, ಒಬ್ಬರನ್ನು ಬಿಟ್ಟು ಇನ್ನೊಬ್ಬರ ಮೇಲೆ ಬಿತ್ತು. ನಿಮ್ಮ ಮೇಲೆ! ಸಸಿ ಕಿತ್ತರೆ ಊರ ಮುಂದೆ ನೀವು ಸುಳ್ಳಿ ಆಗುತ್ತೀರಿ. ಕೀಳದಿದ್ದರೆ ನಿಮ್ಮ ಇಡೀ ಬದುಕಿನ ಕೆಲಸ ಮಣ್ಣುಪಾಲು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವತ್ತು ಸುಮ್ಮನೆ ಎದ್ದು ಬಂದೆ. ಬಳ್ಳಾರಿಗೆ ಮರಳಿ, ಸತ್ಯನಾರಾಯಣಪೇಟೆಯಲ್ಲಿ ಬೀಗ ಹಾಕಿರುವ ನಿಮ್ಮ ಮನೆಯ ಮುಂದೆ ಹಾದು ಹೋಗುವಾಗ ಆಟೋ ನಿಲ್ಲಿಸಿ, ಹಾದಿಯವರು ನೋಡಿದರೆ ನೋಡಲಿ ಅಂತ, ಗೇಟಿನ ಮುಂದೆ ನಿಂತು ನಿಮ್ಮನ್ನು ಬೈದೆ. ಏನೇನು ಬೈದೆ ಅಂತ ಇಲ್ಲಿ ಬರೆಯುವುದಿಲ್ಲ.

ಮುಂದಿನ ಭಾನುವಾರ ಮತ್ತೆ ಹೋದೆ. ಮಳೆ ಹತ್ತಿಕೊಂಡಿತ್ತು, ಸಸಿಗಳು ಚಿಗುರತೊಡಗಿದ್ದವು, ಇನ್ನು ತಡಮಾಡಿದರೆ ಬೇರು ನೆಲ ಹಿಡಿಯುತ್ತಿತ್ತು. ಪಂಪಣ್ಣನವರನ್ನು ಮರಡಿಗೇ ಕರೆದುಕೊಂಡು ಹೋಗಿ ಕಲ್ಲಿನ ಮೇಲೆ ಕೂರಿಸಿ ಎಲ್ಲ ಹೇಳಿಬಿಟ್ಟೆ. ನೀವು ಮರ ಬೆಳೆಸಲು ಯಾವತ್ತೂ ಯೋಚಿಸಿರಲಿಲ್ಲ ಅಂತ. ಹುಲ್ಲಿಗೋಸ್ಕರವೇ ಬೇಲಿ ಅಂತ. ಮಾತಿನ ಭರದಲ್ಲಿ ಇನ್ನೊಂದನ್ನೂ ಹೇಳಿದೆ: ಬೇಲಿಯ ಒಳಗಿನದೇ ಚೆನ್ನಾಗಿರುತ್ತದೆ ಅಂದುಕೊಂಡಿದ್ದೆವು, ವರ್ಷ ಕಳೆದ ಹಾಗೆ ಅಲ್ಲಿ ಕರಡ ಎತ್ತರ ಬೆಳೆದು ಒಣಗಿ ತನ್ನ ಮೇಲೇ ಬಿದ್ದು ಸಣ್ಣಪುಟ್ಟ ಗಿಡಗಳನ್ನೆಲ್ಲ ಮುಚ್ಚಿತು, ಹೊರಗೆ ನಿಮ್ಮ ಕುರಿಗಳು ಹದವಾಗಿ ಮೇಯ್ದ ಕಡೆಯೇ ಹೆಚ್ಚು ಬಗೆಯ ಹುಲ್ಲು, ಹೆಚ್ಚು ಹೂವು ಉಳಿದವು ಅಂತ.

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಮಳೆಹನಿಯೋ ಏನೋ, ನಾನು ನೋಡಲಿಲ್ಲ.

“ನಮ್ಮ ಕುರಿಯಿಂದ ಚೊಲೋ ಆಗೇತಿ ಅಂತ ಆಕಿಗೆ ಗೊತ್ತಿತ್ತಾ?”

“ಗೊತ್ತಿತ್ರಿ ಅಣ್ಣಾರ.”

“ಅದನ್ನೂ ಹೇಳ್ಲಿಲ್ಲ.”

“ಇಲ್ರಿ.”

“ಕುರಿ ಸಾಕಿದ ಮನಿ ನಮ್ದು. ಹುಲ್ಲು ಅಂದ್ರ ನಮಗ ತಿಳೀತಿರ್ಲಿಲ್ಲೇನವ್ವಾ? ಆಕಿನೂ ಅದ ಹುಲ್ಲಿನ್ಯಾಗ ಕುರಿ ಕಾಯ್ಕೊಂತ ಸಾಲಿ ಕಲ್ತಾಕಿ. ಊರಿಗೆ ಹೇಳ್ದಿದ್ರ ಹೋಗ್ಲಿ. ನನಗ ಹೇಳ್ಬೇಕಿತ್ತು.”

ಕೇಳಿಸಿತೇ ಮೇಡಂ? ಅವರಿಗೆ ಬೇವು ಹೋಗುವುದರ ಚಿಂತೆ ಇರಲಿಲ್ಲ, ಸುಳ್ಳಿನ ಚಿಂತೆಯೂ ಅಷ್ಟಿರಲಿಲ್ಲ. ತಂಗಿ ನನ್ನನ್ನು ನಂಬಲಿಲ್ಲ ಅನ್ನುವುದೊಂದೇ. ಊರಿಗೆಲ್ಲ ಪಾಠ ಹೇಳುವ ನಿಮಗೆ, ಒಡಹುಟ್ಟಿದವನ ಮುಂದೆ ಮಾತ್ರ ಯಾಕೆ ಹಾಗೆ... ಬಿಡಿ. ನೀವು ಇದ್ದಿದ್ದರೆ ಜಗಳ ಆಡಬಹುದಿತ್ತು. ಸತ್ತವರ ಜೊತೆ ಜಗಳ ಆಡುವುದರಲ್ಲಿ ಏನು ಸುಖ? ನಾನೇ ಕೇಳಬೇಕು, ನಾನೇ ಹೇಳಬೇಕು.

ಹೊರಡುವಾಗ ಪಂಪಣ್ಣನವರು ಒಂದೇ ಮಾತು ಹೇಳಿದರು, ತೆಗೆಯುವುದಾದರೆ ಕದ್ದು ಮುಚ್ಚಿ ಬೇಡ, ಊರವರನ್ನು ಕರೆದು ಹಗಲು ಹೊತ್ತಿನಲ್ಲೇ ತೆಗೆಯೋಣ ಅಂತ. ಊರವರ ಮುಂದೆ ಅವರು ನಿಮ್ಮ ಸುಳ್ಳನ್ನು ಬಿಚ್ಚಿಡುತ್ತಾರೆ ಅಂದುಕೊಂಡೆ. ಬೇಡ ಅನ್ನಲು ನನಗೆ ಬಾಯಿ ಎಲ್ಲಿತ್ತು? ನಿಜ ಹೇಳಿದವಳೇ ನಾನು.

ಸಸಿ ತೆಗೆಯುವ ದಿನ ಬೆಳಿಗ್ಗೆ ಮರಡಿಯ ಮೇಲೆ ಜನವೋ ಜನ. ದುರುಗಪ್ಪ ಕುರಿ ಬಿಟ್ಟು ಬಂದಿದ್ದ. ಬೇಲಿ ಹಾಕಿದ ಕಾಲದಲ್ಲಿ ಪಂಚಾಯ್ತಿ ಮೆಂಬರ್ ಆಗಿದ್ದ ಮುದುಕರೊಬ್ಬರನ್ನು ಮೊಮ್ಮಗಳು ಕೈಹಿಡಿದು ಕರೆತಂದಿದ್ದಳು. ಪಂಪಣ್ಣನವರು ಟ್ರ್ಯಾಕ್ಟರ್ ತಂದಿದ್ದರು. ಈ ಬೇಲಿ ಹುಲ್ಲಿಗೆ, ಮರಕ್ಕಲ್ಲ, ಸಸಿಗಳನ್ನು ಬೇರಿನ ಮಣ್ಣಿನ ಸಮೇತ ಎತ್ತಿ, ಬಸ್ಸಿಗೆ ಜನ ಬಿಸಿಲಲ್ಲಿ ನಿಲ್ಲುವ ಕ್ರಾಸಿನಲ್ಲಿ ನೆಡುವುದು ಅಂತ ಅವರು ಹೇಳಿದ ಕೂಡಲೇ ಗದ್ದಲ ಎದ್ದಿತು. ಹಚ್ಚಿದ್ದನ್ನು ಕೀಳುವುದು ಪಾಪ ಅಂದರು ಕೆಲವರು. ಈ ಸಾಬರ ಮೇಡಂ ಮಾತು ಕೇಳಿ ತಂಗಿ ಹೆಸರು ಅಳಿಸ್ತೀಯಾ ಅಂತಲೂ ಒಬ್ಬ ಅಂದ. ಕಿವಿ ಕಾದುಹೋಯಿತು. ಉತ್ತರ ನಾಲಗೆ ತುದಿಯವರೆಗೂ ಬಂದಿತ್ತು, ನಿಮ್ಮ ಮುಖ ನೋಡಿ ತಡೆದುಕೊಂಡೆ ಮೇಡಂ, ಇಲ್ಲದ ನಿಮ್ಮ ಮುಖ ನೋಡಿ.

ಆಗ ಹಳೇ ಮೆಂಬರ್ ಕೋಲು ಊರಿಕೊಂಡು ಮುಂದೆ ಬಂದರು.

“ನಿಂದ್ರು ಪಂಪಣ್ಣ. ಬೇಲಿ ಹಾಕೋ ಮುಂದ ನೀನ ಬಂದು ಹೇಳಿದ್ಯಲ್ಲ, ನಮ್ಮ ಗಿರಿಜಿ ಇಲ್ಲಿ ಗಿಡ ಹಚ್ಚಿ ನೆಳ್ಳು ಮಾಡ್ತಾಳ ಅಂತ? ಅಂದ್ರ ಆಕಿ ನಮಗ ಸುಳ್ಳು ಹೇಳಿದಂಗಾತಲ್ಲ?”

ಮೇಡಂ, ನಾನು ನೆಲ ನೋಡುತ್ತಾ ನಿಂತಿದ್ದೆ. ಪಂಪಣ್ಣನವರು ಗುದ್ದಲಿ ಕೆಳಗಿಟ್ಟು ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು.

“ಆಕಿ ಏನೂ ಸುಳ್ಳು ಹೇಳಿಲ್ಲ. ಹುಲ್ಲು ನೋಡಾಕ ಬೇಲಿ ಬೇಕು ಅಂತನ ಆಕಿ ನನಗ ಅಂದಿದ್ಲು, ಎದುರಿಗೆ ಕುಂತು ಎಲ್ಲಾ ಬಿಡಿಸಿ ಹೇಳಿದ್ಲು. ನೀವು ಒಪ್ಪಂಗಿಲ್ಲ ಅಂತ ಗಿಡದ ಮಾತು ನಾನ ಕಟ್ಟಿ ಹೇಳಿದೆ. ಬೈಯೋದಿದ್ರ ನನ್ನ ಬೈರಿ.”

“ಇಷ್ಟ್ ವರ್ಷ ಯಾಕ ಹೇಳ್ಲಿಲ್ಲೋ ಮಾರಾಯ?” ಅಂದರು ಮುದುಕರು.

“ನಾಚಿಕಿ ಆತು,” ಅಂದರು ಪಂಪಣ್ಣನವರು. ಬಗ್ಗಿ ಮೊದಲ ಬೇವನ್ನು ಅವರೇ ಎತ್ತಿದರು.

ಬೈದರು ಮೇಡಂ. ಚೆನ್ನಾಗಿಯೇ ಬೈದರು, ಆ ವಯಸ್ಸಿನ ಮನುಷ್ಯನನ್ನು, ಊರ ಮುಂದೆ. ಅವರು ತಲೆ ಬಗ್ಗಿಸಿಕೊಂಡು ಸಸಿ ಎತ್ತುತ್ತಲೇ ಇದ್ದರು. ನಿಜ ಗೊತ್ತಿದ್ದ ನಾನು ಪಕ್ಕದಲ್ಲೇ ನಿಂತು ಒಂದು ಮಾತೂ ಆಡಲಿಲ್ಲ. ಗುಂಡಿಗಳು ಬಿದ್ದ ಚೌಕಗಳು ಸರಿಯಾಗುತ್ತವೋ ಇಲ್ಲವೋ ನನಗೆ ತಿಳಿಯದು. ಎಣಿಕೆಯನ್ನಂತೂ ನಿಲ್ಲಿಸುವುದಿಲ್ಲ. ಆದರೆ ಈ ಕಾಗದ ಬರೆದದ್ದು ಅದನ್ನು ಹೇಳಲಿಕ್ಕಲ್ಲ. ನಿಮ್ಮಣ್ಣನಿಗೆ ನೀವು ಹೇಳಬೇಕಾಗಿದ್ದ ಮಾತೊಂದಿತ್ತು. ಅದನ್ನು ನೀವು ಹೇಳಿದ್ದಿರಿ ಅಂತ ಅವರು ಊರನ್ನೆಲ್ಲ ನಂಬಿಸಿದ್ದಾರೆ.

ನಿಮ್ಮ,
ಶಮೀಮ್